ಕ್ಯಾಲಿಫೋರ್ನಿಯಾದಲ್ಲಿ ನಾನು ಅಡ್ಜಂಕ್ಟ್ (ತಾತ್ಕಾಲಿಕ ಬೋಧಕ) ಆಗಿರುವ ಖಾಸಗಿ ಕಾಲೇಜು ಈ ಟರ್ಮ್ ಮುಗಿದ ಮೇಲೆ ಮುಚ್ಚುತ್ತಿದೆ. ಆನ್‌ಲೈನ್ ಪಿಎಚ್‌.ಡಿ. ಮಾಡಿದರೆ ಕಾಯಂ ಕೆಲಸ ಸಿಗುತ್ತದೆಯೇ?

"ಡೀನ್ ಒಳ್ಳೆಯವರು, ಟರ್ಮ್ ಮುಗಿದ ಮೇಲೆ ಅನುಭವ ಪ್ರಮಾಣಪತ್ರ ಕೊಡುತ್ತೇನೆ ಎಂದಿದ್ದಾರೆ" ಎಂದು ನೀವು ಬರೆದ ಸಾಲು ಓದಿ ನನಗೆ ಸಂಕಟವಾಯಿತು. ಪಿಎಚ್‌.ಡಿ. ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇದನ್ನು ಕೇಳಿ: ಟರ್ಮ್ ಮುಗಿಯುವವರೆಗೆ ಕಾಯಬೇಡಿ. ನಾನು ಕಾದೆ.

ನಾನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದ ಹೇವರ್ಡ್ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ನಾಲ್ಕೂವರೆ ವರ್ಷ ಗಣಿತ ಕಲಿಸಿದೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೆಡಿಕಲ್ ಅಸಿಸ್ಟೆಂಟ್ ಕೋರ್ಸಿನವರು. ನನ್ನಂಥ ಅಡ್ಜಂಕ್ಟ್‌ಗಳೇ ಅಲ್ಲಿ ಹೆಚ್ಚು. ನಮ್ಮೂರಿನ ಅತಿಥಿ ಉಪನ್ಯಾಸಕರ ಹಾಗೆ, ಟರ್ಮಿಗೊಂದು ಒಪ್ಪಂದ, ಪಾಠಕ್ಕೆ ಇಷ್ಟು ಎಂದು ಸಂಬಳ, ರಜೆಗೆ ಕಾಸಿಲ್ಲ. 2016ರ ಸೆಪ್ಟೆಂಬರಿನಲ್ಲಿ ಐಟಿಟಿ ಟೆಕ್ ಎಂಬ ದೊಡ್ಡ ಖಾಸಗಿ ಕಾಲೇಜು ಸಂಸ್ಥೆ ತನ್ನ ನೂರ ಮೂವತ್ತಕ್ಕೂ ಹೆಚ್ಚು ಕ್ಯಾಂಪಸ್‌ಗಳನ್ನು ಒಂದೇ ದಿನ ಮುಚ್ಚಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಆಡಿದ್ದು ಒಂದೇ ಮಾತು: ದೊಡ್ಡವರು ಬಿದ್ದರು, ನಾವು ಸಣ್ಣವರು, ಉಳಿದುಕೊಳ್ಳುತ್ತೇವೆ. ಅದೇ ಡಿಸೆಂಬರಿನಲ್ಲಿ ನಮಗೆ ಮಾನ್ಯತೆ ಕೊಟ್ಟಿದ್ದ ಎಸಿಐಸಿಎಸ್ ಎಂಬ ಸಂಸ್ಥೆಗೇ ಕೇಂದ್ರ ಶಿಕ್ಷಣ ಇಲಾಖೆಯ ಮನ್ನಣೆ ತಪ್ಪಿತು. ಬೇರೆ ಮಾನ್ಯತೆ ಹುಡುಕಿಕೊಳ್ಳಲು ಕಾಲೇಜುಗಳಿಗೆ ಹದಿನೆಂಟು ತಿಂಗಳು ಸಿಕ್ಕಿತು. ಮಾಲೀಕರು ಪ್ರತಿ ಸಭೆಯಲ್ಲೂ "ಕೆಲಸ ನಡೆಯುತ್ತಿದೆ" ಎನ್ನುತ್ತಿದ್ದರು.

ಇಂಥ ಕಾಲೇಜಿನ ಹಣ ಎಲ್ಲಿಂದ ಬರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ನೀವು ತಿಳಿದುಕೊಂಡಿರಿ. ಲಾಭಕ್ಕಾಗಿ ನಡೆಯುವ ಕಾಲೇಜು ತನ್ನ ಆದಾಯದ ಶೇ. 90ರವರೆಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ಮತ್ತು ಅನುದಾನದಿಂದ ಪಡೆಯಬಹುದು. ಮಾನ್ಯತೆ ಹೋದರೆ ಆ ಹಣ ನಿಲ್ಲುತ್ತದೆ. ಆ ಹಣ ನಿಂತರೆ ಕಾಲೇಜು ತಿಂಗಳುಗಟ್ಟಲೆ ಉಳಿಯುವುದಿಲ್ಲ. ಆದ್ದರಿಂದ "ಈ ಟರ್ಮ್ ಮುಗಿಸಿಯೇ ಮುಚ್ಚುತ್ತೇವೆ" ಎಂಬ ಮಾತು ಪ್ರಾಮಾಣಿಕವಾಗಿಯೇ ಬಂದಿದ್ದರೂ ಅದನ್ನು ನಡೆಸಿಕೊಡುವುದು ಹೇಳಿದವರ ಕೈಯಲ್ಲಿ ಇರುವುದಿಲ್ಲ.

2018ರ ಫೆಬ್ರವರಿ, ಒಂದು ಗುರುವಾರ. ಬೆಳಗ್ಗೆ ಏಳು ನಲವತ್ತಕ್ಕೆ ಹೋದಾಗ ಗಾಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ನನ್ನ ತರಗತಿ ಕೆಳಗಿನ ಅಂತಸ್ತಿನಲ್ಲಿ, ರಸ್ತೆಯ ಕಡೆಗೇ ಇತ್ತು. ಕಿಟಕಿಯಿಂದ ಬೋರ್ಡ್ ಕಾಣುತ್ತಿತ್ತು. 5 ಮಿಲಿಲೀಟರ್ ಸಿರಪ್ಪಿನಲ್ಲಿ 250 ಮಿಲಿಗ್ರಾಂ ಔಷಧಿ ಇದ್ದರೆ 400 ಮಿಲಿಗ್ರಾಂ ಕೊಡಲು ಎಷ್ಟು ಮಿಲಿಲೀಟರ್ ಬೇಕು ಎಂಬ ಲೆಕ್ಕ. ಹಿಂದಿನ ದಿನ ಅರ್ಧಕ್ಕೆ ಬಿಟ್ಟು, ನಾಳೆ ನೀವೇ ಬಿಡಿಸಿ ಎಂದು ಹೇಳಿ ಬಂದಿದ್ದೆ. ಪಾರ್ಕಿಂಗ್ ಜಾಗದಲ್ಲಿ ಕಡುಗೆಂಪು ಸಮವಸ್ತ್ರದ ಮಕ್ಕಳು ನಿಂತಿದ್ದರು. ಮಕ್ಕಳು ಎನ್ನುತ್ತೇನೆ, ಅವರಲ್ಲಿ ಅರ್ಧ ಜನ ತಾಯಂದಿರು. ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದಿದ್ದ ಒಬ್ಬಾಕೆ ನನ್ನ ಕೈ ಹಿಡಿದು, ಇನ್ನು ಎರಡೇ ವಿಷಯ ಉಳಿದಿತ್ತು ಮೇಡಂ, ನನ್ನ ಕ್ರೆಡಿಟ್‌ಗಳು ಏನಾಗುತ್ತವೆ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಾಲೇಜಿನ ಇಮೇಲ್ ಕೂಡ ತೆರೆಯಲಿಲ್ಲ.

ನನ್ನ ತಪ್ಪು ಇದ್ದದ್ದು ಅಲ್ಲಿ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಈಗ ಅದನ್ನೇ ಮಾಡುತ್ತಿದ್ದೀರಿ. ನನ್ನ ಇಪ್ಪತ್ತಕ್ಕೂ ಹೆಚ್ಚು ಒಪ್ಪಂದ ಪತ್ರಗಳು ಆ ಇಮೇಲ್‌ನಲ್ಲಿದ್ದವು. ನಾನೇ ತಯಾರಿಸಿದ ಪಾಠಯೋಜನೆಗಳು, ವಿದ್ಯಾರ್ಥಿಗಳು ಬರೆದ ಅಭಿಪ್ರಾಯಗಳು, ಡೀನ್ ನನ್ನ ತರಗತಿಯಲ್ಲಿ ಕೂತು ನೋಡಿ ಬರೆದ ವರದಿಗಳು, ಎಲ್ಲವೂ ಅಲ್ಲಿಯೇ. ಮೈಸೂರು ವಿಶ್ವವಿದ್ಯಾಲಯದ ನನ್ನ ಎಂ.ಎಸ್‌ಸಿ. ಅಮೆರಿಕದ ಸ್ನಾತಕೋತ್ತರ ಪದವಿಗೆ ಸಮ ಎಂದು ಹೇಳುವ ಮೌಲ್ಯಮಾಪನ ವರದಿಯ ಮೂಲ ಪ್ರತಿ ಮಾನವ ಸಂಪನ್ಮೂಲ ವಿಭಾಗದ ಕಡತದಲ್ಲಿತ್ತು. ಅದರ ಒಂದು ಜೆರಾಕ್ಸ್ ಕೂಡ ನನ್ನ ಮನೆಯಲ್ಲಿ ಇರಲಿಲ್ಲ. ಆ ಕಾಲೇಜನ್ನು ನನ್ನ ಮನೆಯ ಬೀರುವಿನಂತೆ ನಂಬಿದ್ದೆ.

ಅವಕಾಶ ಇರಲಿಲ್ಲ ಎಂದಲ್ಲ. ಹಿಂದಿನ ಡಿಸೆಂಬರಿನಲ್ಲಿ ಒಂದು ಶುಕ್ರವಾರ ಆ ಕಡತವನ್ನು ಕೇಳಿ ಪಡೆದು ಜೆರಾಕ್ಸ್ ಯಂತ್ರದ ಮುಂದೆ ನಿಂತಿದ್ದೆ. ಮುಚ್ಚಳ ಎತ್ತಿ ಮೊದಲ ಹಾಳೆ ಇಟ್ಟೂ ಆಗಿತ್ತು. ಡೀನ್ ಬಂದರು. "ಯಾಕೆ, ಬೇರೆ ಕಡೆ ಹೋಗುತ್ತಿದ್ದೀರಾ?" ಎಂದು ನಗುತ್ತಲೇ ಕೇಳಿದರು. ನನಗೆ ನಾಚಿಕೆಯಾಯಿತು. ಅನ್ನ ಕೊಟ್ಟ ಮನೆಯನ್ನು ಅನುಮಾನಿಸಿದ ಹಾಗಾಯಿತು ಎನಿಸಿತು. ಇಲ್ಲ ಇಲ್ಲ, ಸುಮ್ಮನೆ ನೋಡುತ್ತಿದ್ದೆ ಎಂದು ಹೇಳಿ ಹಾಳೆ ತೆಗೆದು ಕಡತ ವಾಪಸ್ಸು ಕೊಟ್ಟೆ. ಹತ್ತು ನಿಮಿಷದ ಕೆಲಸ. ಅದನ್ನು ಮುಗಿಸದೆ ಬಂದದ್ದಕ್ಕೆ ನಾನು ಮೂರು ವರ್ಷ ಬೆಲೆ ತೆತ್ತೆ.

ಹೇಗೆಂದರೆ, ಕಮ್ಯುನಿಟಿ ಕಾಲೇಜಿಗೆ (ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜು) ಅರ್ಜಿ ಹಾಕಲು ಹೊಸ ಮೌಲ್ಯಮಾಪನ ವರದಿ ಬೇಕಾಯಿತು. ಅದಕ್ಕೆ ಮೊಹರು ಹಾಕಿದ ಲಕೋಟೆಯಲ್ಲಿ ಅಂಕಪಟ್ಟಿ ಬೇಕು. ತಮ್ಮ ಚನ್ನರಾಯಪಟ್ಟಣದಿಂದ ಮೈಸೂರಿಗೆ ಹೋಗಿ ಕ್ರಾಫರ್ಡ್ ಹಾಲಿನಲ್ಲಿ ಅರ್ಜಿ ಕೊಟ್ಟು, ಅದು ಇಲ್ಲಿಗೆ ತಲುಪಿ, ವರದಿ ತಯಾರಾಗುವಷ್ಟರಲ್ಲಿ ಆಗಸ್ಟ್ ಬಂದಿತ್ತು. ಆ ಸೆಮಿಸ್ಟರ್ ಕೈತಪ್ಪಿತು. 2019ರ ಜನವರಿಯಲ್ಲಿ ಪಾಠ ಸಿಕ್ಕಿತು. ಆಗ ಇನ್ನೊಂದು ಪೆಟ್ಟು. ಅಲ್ಲಿ ಅಡ್ಜಂಕ್ಟ್‌ಗಳ ಸಂಬಳಕ್ಕೆ ಮೆಟ್ಟಿಲುಗಳಿವೆ, ಹಿಂದಿನ ಬೋಧನಾ ಅನುಭವ ನೋಡಿ ಮೆಟ್ಟಿಲು ಕೊಡುತ್ತಾರೆ. ಯಾವ ವಿಷಯ, ವಾರಕ್ಕೆ ಎಷ್ಟು ಗಂಟೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಹಿಂದಿನ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಸಹಿಯಾಗಿ ಬರಬೇಕು. ಡೀನ್ ಪಾಪ ತಮ್ಮ ಸ್ವಂತ ಇಮೇಲ್‌ನಿಂದ ಪತ್ರ ಬರೆದುಕೊಟ್ಟರು. ಒಪ್ಪಲಿಲ್ಲ. ನನ್ನ ಬಳಿ ಎಲ್ಲ ವರ್ಷಗಳ ಡಬ್ಲ್ಯು-2 (ವರ್ಷದ ಸಂಬಳ ತೋರಿಸುವ ತೆರಿಗೆ ಪತ್ರ) ಇದ್ದವು, ಆದರೆ ಅದು ಹಣವನ್ನು ಮಾತ್ರ ಹೇಳುತ್ತದೆ, ಏನು ಕಲಿಸಿದಿರಿ, ಎಷ್ಟು ಗಂಟೆ ಕಲಿಸಿದಿರಿ ಎಂದು ಹೇಳುವುದಿಲ್ಲ. ನಾಲ್ಕೂವರೆ ವರ್ಷದ ಅನುಭವಕ್ಕೆ ಲೆಕ್ಕವೇ ಸಿಗದೆ ಮೊದಲ ಮೆಟ್ಟಿಲಿನಲ್ಲಿ ನಿಂತೆ. ಗಂಟೆಗೆ ಒಂಬತ್ತು ಡಾಲರ್ ವ್ಯತ್ಯಾಸ. ಮೂರು ವರ್ಷದಲ್ಲಿ ಏಳು ಸಾವಿರ ಡಾಲರಿಗಿಂತ ಹೆಚ್ಚು.

ಬಾಕಿ ಸಂಬಳದ ಮಾತು ಬೇಗ ಮುಗಿಸುತ್ತೇನೆ. ನನಗೆ ಐದು ವಾರದ ಹಣ ಬರಬೇಕಿತ್ತು. ಕಾಲೇಜು ದಿವಾಳಿ ಅರ್ಜಿ ಹಾಕಿದರೆ, ಆ ಅರ್ಜಿ ಅಥವಾ ಕಾಲೇಜು ಮುಚ್ಚಿದ್ದು, ಯಾವುದು ಮೊದಲೋ ಅದಕ್ಕೆ ಹಿಂದಿನ 180 ದಿನಗಳಲ್ಲಿ ದುಡಿದ ಸಂಬಳಕ್ಕೆ ಒಂದು ಮಿತಿಯವರೆಗೆ ಅಡವಿಲ್ಲದೆ ಸಾಲ ಕೊಟ್ಟ ಸಾಮಾನ್ಯರಿಗಿಂತ ಮೊದಲ ಹಕ್ಕು ಇದೆ. ನನ್ನ ಕಾಲದಲ್ಲಿ ಆ ಮಿತಿ 12,850 ಡಾಲರ್ ಇತ್ತು, ಈಗ ಹೆಚ್ಚಾಗಿದೆ. ಕ್ಲೇಮ್ ಅರ್ಜಿಯನ್ನು ವಕೀಲರಿಲ್ಲದೆ ನೀವೇ ತುಂಬಬಹುದು, ಗಡುವು ಮೀರಬಾರದು ಅಷ್ಟೆ. ನಿರುದ್ಯೋಗ ಭತ್ಯೆಗೆ ಮುಚ್ಚಿದ ವಾರವೇ ಅರ್ಜಿ ಹಾಕಿ. ಮುಂದಿನ ಟರ್ಮಿನಲ್ಲಿ ಕೆಲಸದ ಭರವಸೆ ಇದೆಯೇ ಎಂದು ಶಾಲಾ ಕಾಲೇಜಿನವರನ್ನು ಕೇಳುತ್ತಾರೆ. ಕಾಲೇಜೇ ಇಲ್ಲದ ಮೇಲೆ ಭರವಸೆ ಎಲ್ಲಿಯದು, ಇಲ್ಲ ಎಂದೇ ಬರೆಯಿರಿ. ನಿಮ್ಮ ಎಚ್‌-4 (ಎಚ್-1ಬಿ ವೀಸಾದವರ ಸಂಗಾತಿಯ ವೀಸಾ) ಕೆಲಸದ ಪರವಾನಗಿಯ ಬಗ್ಗೆ ಹೆದರಬೇಡಿ, ಅದು ಒಬ್ಬ ಮಾಲೀಕನಿಗೆ ಕಟ್ಟಿಹಾಕಿದ ಪರವಾನಗಿ ಅಲ್ಲ.

ಈಗ ಪಿಎಚ್‌.ಡಿ. ವಿಷಯ. ಮಾಡಬೇಡಿ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಕಲಿಸಲು ಬೇಕಾದ ಅರ್ಹತೆ ಸ್ನಾತಕೋತ್ತರ ಪದವಿ. ಅದು ನಿಮ್ಮ ಬಳಿ ಇದೆ. ಕೆಲಸ ಇಲ್ಲದಿರುವುದಕ್ಕೆ ಕಾರಣ ನಿಮ್ಮ ಓದು ಸಾಲದು ಎಂಬುದಲ್ಲ, ಕಾಯಂ ಹುದ್ದೆಗಳನ್ನು ತುಂಬದೆ ಅಡ್ಜಂಕ್ಟ್‌ಗಳಿಂದಲೇ ಪಾಠ ನಡೆಸುತ್ತಿರುವುದು. ನಿಮ್ಮನ್ನು ಬೀದಿಗೆ ಬಿಟ್ಟ ಮಾದರಿಯ ಸಂಸ್ಥೆಗೇ ಮತ್ತೆ ಐದು ವರ್ಷ ಶುಲ್ಕ ಕಟ್ಟಿ ಡಾಕ್ಟರೇಟ್ ಪಡೆಯುವುದನ್ನು ಯೋಚಿಸಿದರೆ ನನಗೆ ಕೋಪ ಬರುತ್ತದೆ. ಇನ್ನೊಂದು ಲಾಭದ ಕಾಲೇಜಿಗೆ ಸೇರುವ ಯೋಚನೆಯೂ ಬೇಡ. 2023ರ ಸೆಪ್ಟೆಂಬರಿನಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್‌ಗಳ ಉಳಿದ ಎಂಟು ಕ್ಯಾಂಪಸ್‌ಗಳು ಸುಮಾರು ಒಂದು ವಾರದ ಸೂಚನೆ ಕೊಟ್ಟು ಒಟ್ಟಿಗೆ ಮುಚ್ಚಿದವು.

ಮೂರು ಕಮ್ಯುನಿಟಿ ಕಾಲೇಜುಗಳಲ್ಲಿ ಹಂಚಿಕೊಂಡು ಕಲಿಸಿದರೆ ಎಂದು ಕೇಳಿದ್ದೀರಿ. ಇಲ್ಲಿನ ಕಾನೂನಿನಲ್ಲಿ ಅಡ್ಜಂಕ್ಟ್‌ಗೆ ಒಂದು ಕಾಲೇಜು ಜಿಲ್ಲೆಯಲ್ಲಿ (ಕಮ್ಯುನಿಟಿ ಕಾಲೇಜುಗಳನ್ನು ನಡೆಸುವ ಆಡಳಿತ ಘಟಕ) ಪೂರ್ಣಾವಧಿಯವರ ಹೊರೆಯ ಶೇ. 67ಕ್ಕಿಂತ ಹೆಚ್ಚು ಪಾಠ ಕೊಡುವಂತಿಲ್ಲ. ಆದ್ದರಿಂದ ಎಲ್ಲರೂ ಎರಡು ಮೂರು ಜಿಲ್ಲೆ ಸುತ್ತುತ್ತಾರೆ. ನಾನೂ ಸುತ್ತಿದೆ. ಬೆಳಗ್ಗೆ ಕೊಲ್ಲಿಯ ಈ ದಡದಲ್ಲಿ ಪಾಠ, ಡಂಬಾರ್ಟನ್ ಸೇತುವೆ ದಾಟಿ ಮಧ್ಯಾಹ್ನ ಆ ದಡದಲ್ಲಿ, ನಡುವೆ ಕಾರಿನಲ್ಲಿ ಮೊಸರನ್ನ. ಒಂದು ಸೆಮಿಸ್ಟರಿನಲ್ಲಿ ಸಾಕಷ್ಟು ವಿದ್ಯಾರ್ಥಿಗಳಿಲ್ಲ ಎಂದು ಒಂದು ತರಗತಿ ವಾರದ ಮುಂಚೆ ರದ್ದಾಯಿತು. ತನ್ನ ತರಗತಿ ತುಂಬದ ಕಾಯಂ ಪ್ರಾಧ್ಯಾಪಕರೊಬ್ಬರಿಗೆ ನನ್ನ ಇನ್ನೊಂದು ತರಗತಿ ಹೋಯಿತು. ಮನೆಯವರ ಕೆಲಸದಿಂದ ಆರೋಗ್ಯ ವಿಮೆ ಇದ್ದದ್ದರಿಂದ ನಾನು ಆ ವರ್ಷ ದಾಟಿದೆ. ಅದಿಲ್ಲದ ಸಹೋದ್ಯೋಗಿಗಳು ಹಲ್ಲುನೋವನ್ನೂ ಮುಂದಕ್ಕೆ ಹಾಕುತ್ತಿದ್ದರು.

ದಾರಿ ಸಿಕ್ಕಿದ್ದು ಕನ್ನಡ ಕೂಟದ ಯುಗಾದಿ ಊಟದಲ್ಲಿ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು, ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಕಲಿಸಿ ನಿವೃತ್ತರಾದವರು, "ಗಣಿತದವರು ಬೇಕೆಂದು ಶಾಲೆಗಳು ಬಾಯಿಬಿಟ್ಟು ಕೇಳುತ್ತಿವೆ, ನೀನೇಕಮ್ಮ ಸೇತುವೆಯ ಮೇಲೆ ಓಡಾಡುತ್ತೀಯ?" ಎಂದರು. ಶಿಕ್ಷಕರ ಓದು, ಬರಹ, ಲೆಕ್ಕ ನೋಡುವ ಸಿಬೆಸ್ಟ್ ಎಂಬ ಪರೀಕ್ಷೆ ಬರೆದು ಬದಲಿ ಶಿಕ್ಷಕಿಯ ಪರವಾನಗಿ ಪಡೆದೆ. ಒಂದು ವರ್ಷ ಬದಲಿಯಾಗಿ ಕಲಿಸುತ್ತಾ ಗಣಿತ ಶಿಕ್ಷಕರ ಕೋರ್ಸಿಗೆ ಸೇರಿದೆ. ಸಂಬಳ ಪಡೆಯುತ್ತಲೇ ಕೋರ್ಸ್ ಮುಗಿಸುವ ಇಂಟರ್ನ್ ದಾರಿಯೂ ಇದೆ, ನಾನು ಹಿಡಿದದ್ದು ಅದೇ. 2021ರಿಂದ ಸರ್ಕಾರಿ ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುತ್ತಿದ್ದೇನೆ. ವಿಮೆ ಇದೆ, ಪಿಂಚಣಿ ಇದೆ. ಹದಿನಾಲ್ಕರ ಮಕ್ಕಳನ್ನು ಹಿಡಿದು ಕೂರಿಸುವುದು ಕಾಲೇಜಿನ ಪಾಠಕ್ಕಿಂತ ಕಷ್ಟ, ಮೊದಲ ಆರು ತಿಂಗಳು ದಿನವೂ ಗಂಟಲು ಕಟ್ಟುತ್ತಿತ್ತು. ಆದರೂ ಗುರುವಾರ ಸಂಜೆ ಕಮ್ಯುನಿಟಿ ಕಾಲೇಜಿನಲ್ಲಿ ಒಂದು ತರಗತಿ ಉಳಿಸಿಕೊಂಡಿದ್ದೇನೆ. ದುಡಿದು ಬರುವ ದೊಡ್ಡವರಿಗೆ ಕಲಿಸುವ ಸುಖ ಬಿಡಲಾಗಲಿಲ್ಲ.

ನಿಮ್ಮ ವಿದ್ಯಾರ್ಥಿಗಳಿಗೂ ಒಂದು ಮಾತು ಹೇಳಿ. ಕಾಲೇಜು ಮುಚ್ಚಿದ್ದರಿಂದ ಓದು ನಿಂತವರಿಗೆ ಕೇಂದ್ರದ ಸಾಲ ಮನ್ನಾ ಆಗುವ ಅವಕಾಶವಿದೆ. ಕ್ರೆಡಿಟ್‌ಗಳನ್ನು ಬೇರೆ ಕಡೆ ಒಯ್ದು ಅದೇ ಕೋರ್ಸ್ ಮುಗಿಸಿದರೆ ಆ ಅವಕಾಶ ತಪ್ಪಬಹುದು. ಎರಡನ್ನೂ ತೂಗಿ ನೋಡಿದ ಮೇಲೆಯೇ ಸಹಿ ಮಾಡಲಿ, ಅಂಕಪಟ್ಟಿಯನ್ನು ಈಗಲೇ ತರಿಸಿಕೊಳ್ಳಲಿ. ಪಾರ್ಕಿಂಗ್ ಜಾಗದಲ್ಲಿ ಕೈ ಹಿಡಿದು ಕೇಳಿದವರಿಗೆ ಇಷ್ಟನ್ನಾದರೂ ಹೇಳಲು ಅಂದು ನನಗೆ ಗೊತ್ತಿರಬೇಕಿತ್ತು.

ನೀವು ನಾಳೆ ಮಾಡಬೇಕಾದದ್ದು ಇಷ್ಟು. ಪ್ರಮಾಣಪತ್ರವನ್ನು ಡೀನ್ ಬರೆಯಲಿ ಎಂದು ಬಿಡಬೇಡಿ, ನೀವೇ ಬರೆದು ಒಯ್ಯಿರಿ. ಪ್ರತಿ ಟರ್ಮಿನ ವಿಷಯದ ಹೆಸರು, ಅದರ ಸಂಕೇತ ಸಂಖ್ಯೆ, ವಾರದ ಗಂಟೆ, ಆರಂಭ ಮತ್ತು ಕೊನೆಯ ದಿನಾಂಕ. ಲೆಟರ್‌ಹೆಡ್‌ನಲ್ಲಿ ಐದು ಪ್ರತಿ ಮುದ್ರಿಸಿ, ಐದಕ್ಕೂ ಶಾಯಿಯ ಸಹಿ ಹಾಕಿಸಿಕೊಳ್ಳಿ. ಅವರು ನಕ್ಕು "ಯಾಕೆ ಇಷ್ಟು ಅವಸರ?" ಎಂದರೆ ಏನೂ ಹೇಳಬೇಡಿ, ಪೆನ್ನು ಮುಂದೆ ಹಿಡಿಯಿರಿ. ಅಲ್ಲಿಂದ ನೇರವಾಗಿ ಜೆರಾಕ್ಸ್ ಯಂತ್ರದ ಹತ್ತಿರ ಹೋಗಿ.