73 ಕೋಟಿ ಆಭಾ ಸಂಖ್ಯೆಗಳಾದರೆ ಆರೋಗ್ಯ ವ್ಯವಸ್ಥೆ ಡಿಜಿಟಲ್ ಆದಂತೆಯೇ?

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 2025ರ ಆರಂಭಕ್ಕೇ 73 ಕೋಟಿಗೂ ಹೆಚ್ಚು ಆಭಾ ಸಂಖ್ಯೆಗಳಾಗಿದ್ದವು (ಆಭಾ ಎಂದರೆ ಒಬ್ಬ ವ್ಯಕ್ತಿಯ ಆರೋಗ್ಯ ದಾಖಲೆಗಳನ್ನು ಜೋಡಿಸಲು ಕೊಡುವ ಗುರುತಿನ ಸಂಖ್ಯೆ), ಹಾಗಾದರೆ ಮುಕ್ಕಾಲು ಕೆಲಸ ಮುಗಿದಂತೆಯೇ ಎಂದು ಕೇಳಿದ್ದೀರಿ. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಕೆಲಸ ಮಾಡುವ ನಾನು ಇಲ್ಲ ಎಂದೇ ಹೇಳುತ್ತೇನೆ.

ಕೋವಿಡ್ ಲಸಿಕೆಗೆ ಆಧಾರ್ ಕೊಟ್ಟ ಎಷ್ಟೋ ಜನರಿಗೆ ಆರೋಗ್ಯ ಸಂಖ್ಯೆ ತಾನಾಗಿಯೇ ಸೃಷ್ಟಿಯಾಗಿತ್ತು. ಸಂಖ್ಯೆ ಇರುವುದು ಬೇರೆ, ಅದು ಚಿಕಿತ್ಸೆಗೆ ಒದಗುವುದು ಬೇರೆ.

ಆಸ್ಪತ್ರೆಯ ತಂತ್ರಾಂಶಕ್ಕೆ ಈ ಯೋಜನೆಯಲ್ಲಿ ಮೂರು ಹಂತಗಳಿವೆ. ಎಂ1ರಲ್ಲಿ ರೋಗಿಯ ಆಭಾ ಸಂಖ್ಯೆಯನ್ನು ಸೃಷ್ಟಿಸುವುದು ಅಥವಾ ಪರಿಶೀಲಿಸುವುದು. ಎಂ2ರಲ್ಲಿ ಲ್ಯಾಬ್ ವರದಿ, ಔಷಧ ಚೀಟಿ, ಡಿಸ್ಚಾರ್ಜ್ ಸಾರಾಂಶಗಳನ್ನು ಆ ಸಂಖ್ಯೆಗೆ ಜೋಡಿಸುವುದು. ಎಂ3ರಲ್ಲಿ ಬೇರೊಂದು ಆಸ್ಪತ್ರೆಯ ದಾಖಲೆಯನ್ನು ರೋಗಿಯ ಒಪ್ಪಿಗೆ ಪಡೆದು ತರಿಸಿಕೊಳ್ಳುವುದು. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಉಳಿಯುತ್ತದೆ, ದೆಹಲಿಯ ಒಂದೇ ಗೋದಾಮಿಗೆ ಹೋಗುವುದಿಲ್ಲ. ಹಾಗಾಗಿ ಜೋಡಿಸಿದ್ದನ್ನು ಯಾರೂ ತೆರೆಯದಿದ್ದರೆ ರೋಗಿಗೆ ಏನೂ ದಕ್ಕದು. 2023ರಲ್ಲಿ ಜಾರಿಗೆ ಬಂದ ಯೋಜನೆಯೊಂದರಲ್ಲಿ, ನಿಗದಿತ ಮಿತಿ ದಾಟಿ ಜೋಡಿಸಿದ ದಾಖಲೆಗಳಿಗೆ ಆಸ್ಪತ್ರೆಗಳು ಪ್ರೋತ್ಸಾಹಧನವನ್ನೂ ಪಡೆಯಬಹುದಾಗಿತ್ತು. ಹಣ ಸಿಗುವ ಕಡೆ ಎಣಿಕೆ ಏರುವುದು ಸಹಜ.

ನನ್ನನ್ನು ಕೇಳಿದರೆ ಅಳೆಯಬೇಕಾದದ್ದು ಎಂ3ರ ಬಳಕೆಯನ್ನು. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ ಕಳುಹಿಸಿದ ನೂರು ರೋಗಿಗಳಲ್ಲಿ ಎಷ್ಟು ಜನರ ಹಳೆಯ ವರದಿಯನ್ನು ಅಲ್ಲಿನ ವೈದ್ಯರು ತೆರೆದು ನೋಡಿದರು? ಎಷ್ಟು ಜನರಿಗೆ ಅದೇ ರಕ್ತಪರೀಕ್ಷೆಯನ್ನು ಮತ್ತೆ ಬರೆದುಕೊಟ್ಟರು? ಒಂದೇ ವಾರದಲ್ಲಿ ಎರಡು ಸಲ ರಕ್ತ ಕೊಟ್ಟು, ಎರಡು ಸಲ ದುಡ್ಡು ಕಟ್ಟಿ, ಎರಡು ದಿನದ ಕೂಲಿ ಕಳೆದುಕೊಂಡವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೊರರೋಗಿ ವಿಭಾಗದಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಒಳ್ಳೆಯದೇ. ವಯಸ್ಸಾದವರು, ಗರ್ಭಿಣಿಯರು ಸಾಲಿನಲ್ಲಿ ನಿಲ್ಲುವ ಹೊತ್ತು ಉಳಿದರೆ ಅದು ಸಣ್ಣ ಲಾಭವಲ್ಲ. ಆದರೆ ಅದು ತೋರಿಸುವುದು ನೋಂದಣಿಯ ವೇಗವನ್ನು ಮಾತ್ರ.

ಎಸ್ಟೋನಿಯಾದಲ್ಲಿ ಬಹುತೇಕ ಎಲ್ಲ ಔಷಧ ಚೀಟಿಗಳೂ ಡಿಜಿಟಲ್. ಅಷ್ಟೇ ಅಲ್ಲ, ತನ್ನ ದಾಖಲೆಯನ್ನು ಯಾರು ನೋಡಿದರು ಎಂಬುದನ್ನು ರೋಗಿಯೇ ನೋಡಬಹುದು. ಒಪ್ಪಿಗೆಗೆ ಎಷ್ಟು ಬೆಲೆ ಸಿಕ್ಕಿದೆ ಎಂದು ತಿಳಿಯಲು ನಮಗೂ ಅಂಥ ಅಳತೆ ಬೇಕು.

ಇನ್ನೊಂದು ಲೆಕ್ಕವನ್ನು ಉಪಕೇಂದ್ರದಲ್ಲಿ ಮಾಡಬೇಕು. ಶುಶ್ರೂಷಕಿ ಗರ್ಭಿಣಿಯ ವಿವರವನ್ನು ಮೊದಲು ರಿಜಿಸ್ಟರ್‌ನಲ್ಲಿ ಬರೆದು, ಆಮೇಲೆ ಅದನ್ನೇ ಆನ್‌ಲೈನ್‌ನಲ್ಲಿ ತುಂಬುತ್ತಿದ್ದರೆ ಅವರ ಕೆಲಸ ಇಮ್ಮಡಿಯಾಗಿದೆ, ಅಷ್ಟೇ. ಪ್ರತಿ ಜಿಲ್ಲೆಯೂ ಈ ವರ್ಷ ಯಾವ ಯಾವ ರಿಜಿಸ್ಟರ್‌ಗಳನ್ನು ಅಧಿಕೃತವಾಗಿ ನಿಲ್ಲಿಸಿದೆ ಎಂದು ಪ್ರಕಟಿಸಲಿ.