ಪೈಪಿಗೆ ತೋಡಿದ ಕಾಲುವೆ ಮುಚ್ಚುವ ಮೊದಲು ಚರಂಡಿ ದಾಟುವ ಪೈಪು ನೋಡಿ

ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರ: “ನಮ್ಮ ಬೀದಿಯಲ್ಲಿ ಪಂಚಾಯ್ತಿಯವರು ಮನೆ ಮನೆಗೆ ನಲ್ಲಿ ಹಾಕಿಸುತ್ತಿದ್ದಾರೆ. ಊರಾಚೆಯ ಕೊಳವೆಬಾವಿಯಿಂದ ಟ್ಯಾಂಕಿಗೆ ಏರಿಸಿ ನೀರು ಬಿಡುತ್ತಾರಂತೆ. ಇನ್ನು ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹೊರುವುದು ಬೇಡ, ನಲ್ಲಿ ನೀರನ್ನೇ ಕುಡಿಯಿರಿ ಎನ್ನುತ್ತಾರೆ. ನಂಬಬಹುದೇ? ಕೆಲಸ ಮುಗಿಯುವ ಮುನ್ನ ನಾವು ನೋಡಿಕೊಳ್ಳಬೇಕಾದದ್ದು ಏನಾದರೂ ಇದೆಯೇ?”

ಇದೆ, ಮತ್ತು ಅದನ್ನು ನೋಡಲು ಇದೇ ಸರಿಯಾದ ಸಮಯ. ಮಣ್ಣು ಮುಚ್ಚಿ ಕಾಂಕ್ರೀಟ್ ಬಿದ್ದ ಮೇಲೆ ಒಳಗಿನ ತಪ್ಪು ಗೊತ್ತಾಗುವುದು ಯಾರಿಗಾದರೂ ವಾಂತಿಭೇದಿ ಶುರುವಾದಾಗ.

ನಿಮ್ಮ ನೀರಿಗೆ ಎರಡು ಕಡೆಯಿಂದ ತೊಂದರೆ ಬರಬಹುದು. ಕೊಳವೆಬಾವಿಯಿಂದ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಬರಬಹುದು, ಪೈಪಿನ ದಾರಿಯಲ್ಲಿ ರೋಗಾಣು ಸೇರಬಹುದು. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ.

ಪೈಪಿನ ವಿಷಯ ಮೊದಲು. ಬೀದಿಯ ಮುಖ್ಯ ಪೈಪಿಗಿಂತ ಹೆಚ್ಚು ಕೆಡುವುದು ಅದಕ್ಕೆ ಸ್ಯಾಡಲ್ (ಕವಲು ಪೈಪು ಜೋಡಿಸುವ ಪಟ್ಟಿ) ಕೂರಿಸಿ ಮನೆಗೆ ಎಳೆಯುವ ಅರ್ಧ ಇಂಚಿನ ಪೈಪು. ಮನೆ ಮುಂದೆ ಚರಂಡಿ ಇದ್ದೇ ಇರುತ್ತದೆ. ಕೆಲಸದವರು ಅವಸರದಲ್ಲಿ ಚರಂಡಿಯ ಗೋಡೆಗೆ ತೂತು ಹೊಡೆದು ಪೈಪನ್ನು ಕೊಳಚೆಯ ನಡುವೆಯೇ ತೂರಿಸುತ್ತಾರೆ. ಪೈಪು ಸಾಲದಿದ್ದರೆ ಅಲ್ಲೇ ಒಂದು ಜಾಯಿಂಟ್ ಕೊಡುತ್ತಾರೆ. ನೀರು ಬಿಟ್ಟಾಗ ಆ ಜಾಯಿಂಟಿನಿಂದ ನೀರು ಹೊರಗೆ ಜಿನುಗುತ್ತದೆ, ಅಷ್ಟೇ. ವಾಲ್ವ್ ಮುಚ್ಚಿ ಪೈಪು ಬರಿದಾಗುವಾಗ ಅದೇ ಸಂದಿನಿಂದ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವುದು ಆ ನೀರು. ಯಾರಾದರೂ ನಲ್ಲಿಗೆ ನೇರವಾಗಿ ಮೋಟಾರ್ ಹಾಕಿದರೆ ನೀರು ಬಿಟ್ಟಿರುವಾಗಲೂ ಇದೇ ಆಗುತ್ತದೆ. ಹಾಗಾಗಿ ಚರಂಡಿ ದಾಟುವ ಕಡೆ ಪೈಪು ಕೊಳಚೆಗಿಂತ ಮೇಲೆ ಹೋಗಬೇಕು. ಅಗಲವಾದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ಅದನ್ನು ತೂರಿಸಬೇಕು. ಚರಂಡಿಯ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೂ ಜಾಯಿಂಟ್ ಇರಕೂಡದು. ಪ್ರತಿ ಮನೆಯವರೂ ತಮ್ಮ ತಮ್ಮ ಮುಂದೆ ನಿಂತು ಇದಿಷ್ಟನ್ನು ನೋಡಿಕೊಳ್ಳಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಮುಖ್ಯ ಪೈಪು ಚರಂಡಿಯಿಂದ 3 ಮೀಟರ್ ದೂರವಿರಬೇಕೆಂಬುದು ನಿಯಮ. ಹಳ್ಳಿಯ ಬೀದಿಯಲ್ಲಿ ಅಷ್ಟು ಜಾಗ ಸಿಗುವುದು ಕಷ್ಟ. ಆಗ ಚರಂಡಿಯ ಎದುರು ಬದಿಯಲ್ಲಿ ಪೈಪು ಹಾಕಿಸಿ. ಟ್ರ್ಯಾಕ್ಟರ್ ಓಡಾಡುವ ಬೀದಿಯಾದರೆ ಪೈಪಿನ ಮೇಲೆ ಸುಮಾರು ಮೂರು ಅಡಿ ಮಣ್ಣು ಬೇಕು. ಕಲ್ಲು ನೆಲದಲ್ಲಿ ಪೈಪಿನ ಕೆಳಗೆ ಮರಳು ಹಾಸದಿದ್ದರೆ ಚೂಪು ಕಲ್ಲು ಒತ್ತಿ ಒತ್ತಿ ಪೈಪು ಸೀಳಬಹುದು.

ಜಾಯಿಂಟುಗಳು ಕಾಣುವಂತಿರುವಾಗಲೇ ಪ್ರೆಶರ್ ಟೆಸ್ಟ್ ಮಾಡಿಸಿ. ಪೈಪಿಗೆ ನೀರು ತುಂಬಿ, ಗಾಳಿ ಬಿಟ್ಟು, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸುತ್ತಾರೆ. ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗುವುದರಿಂದ ಮೊದಲಿಗೆ ಗೇಜಿನ ಮುಳ್ಳು ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ. ಮತ್ತೆ ಏರಿಸಿದ ಮೇಲೂ ಇಳಿಯುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ.

ಆಮೇಲೆ ಪೈಪು ತೊಳೆಯುವ ಕೆಲಸ. ಇದನ್ನು ಬಿಟ್ಟುಬಿಡುವುದೇ ಹೆಚ್ಚು. 63 ಮಿ.ಮೀ. ಪೈಪಿನ 100 ಮೀಟರಿನಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ 50 ಗ್ರಾಂ ಬ್ಲೀಚಿಂಗ್ ಪುಡಿ ಕರಗಿಸಿ ತುಂಬಿ, ಒಂದು ದಿನ ಬಿಟ್ಟು, ಕೊನೆಯ ಮನೆಯಲ್ಲಿ ವಾಸನೆ ಹೋಗುವವರೆಗೆ ಹರಿಸಿಬಿಡಬೇಕು. ಆ ನೀರನ್ನು ಯಾರೂ ಕುಡಿಯಬಾರದು, ದನಕ್ಕೂ ಕುಡಿಸಬಾರದು.

ರೋಗಾಣು ಕೊಲ್ಲಲು ದಿನನಿತ್ಯ ಬ್ಲೀಚಿಂಗ್ ಪುಡಿ ಹಾಕುವ ಲೆಕ್ಕ ನೀರುಗಂಟಿಯ ಕೈಯಲ್ಲಿರುತ್ತದೆ. 50,000 ಲೀಟರ್ ಟ್ಯಾಂಕಿಗೆ, ಪುಡಿಯಲ್ಲಿ ಶೇ 25 ಕ್ಲೋರಿನ್ ಇದ್ದರೆ, 400 ಗ್ರಾಂ ಹಾಕಿದಾಗ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಪುಡಿಯನ್ನು ಹಾಗೇ ಸುರಿಯದೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ನೀರು ಬಿಡಬೇಕು. ಬಾಯಿ ಬಿಚ್ಚಿಟ್ಟ ಚೀಲದ ಪುಡಿ ಮಳೆಗಾಲದಲ್ಲಿ ಸತ್ವ ಕಳೆದುಕೊಳ್ಳುತ್ತದೆ. ಎಷ್ಟು ಹಾಕಿದೆವು ಎಂಬುದಕ್ಕಿಂತ ಕೊನೆಯ ಮನೆಯ ನಲ್ಲಿಯಲ್ಲಿ ಎಷ್ಟು ಉಳಿದಿದೆ ಎಂಬುದೇ ಮುಖ್ಯ. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಇರಬೇಕು. ನೀರು ಪರೀಕ್ಷೆಯ ಕಿಟ್ಟಿನಲ್ಲಿ ನಿಮಿಷಗಳಲ್ಲಿ ಇದು ತಿಳಿಯುತ್ತದೆ. ಕೊಳಚೆ ಸೇರಿದೆಯೇ ಎಂದು ತೋರಿಸುವ, ಅದೇ ಕಿಟ್ಟಿನ ಎಚ್‌2ಎಸ್ ಬಾಟಲಿಗೆ ನಲ್ಲಿ ನೀರನ್ನು ಗುರುತಿನವರೆಗೆ ತುಂಬಿ, ಮುಚ್ಚಳದ ಒಳಭಾಗ ಮುಟ್ಟದೆ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಿ. ನೀರು ಕಪ್ಪಾದರೆ ಕೊಳಚೆ ಸೇರಿದೆ ಎಂದು ತಿಳಿದು ಚರಂಡಿ ದಾಟುವ ಕಡೆಯಿಂದಲೇ ಹುಡುಕಲು ಶುರುಮಾಡಿ.

ಇನ್ನು ಕುಡಿಯಬಹುದೇ ಎಂಬ ಪ್ರಶ್ನೆ. ಅರಸೀಕೆರೆ, ಕಡೂರು ಸೀಮೆಯ ಆಳದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಾಗ 1.5ರವರೆಗೆ ಒಪ್ಪಬಹುದು. ಕ್ಲೋರಿನ್ನಿಗೆ ಇದು ಬಗ್ಗುವುದಿಲ್ಲ. ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಅಲ್ಲೇ ಉಳಿಯುವುದರಿಂದ ಪ್ರಮಾಣ ಇನ್ನೂ ಏರುತ್ತದೆ. ಈ ನಲ್ಲಿಗೆ ನೀರು ಕೊಡುವ ಕೊಳವೆಬಾವಿ ಯಾವುದೋ ಅದರದ್ದೇ ವರದಿಯನ್ನು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಲ್ಲಿ ಅರ್ಜಿ ಕೊಟ್ಟು ಕೇಳಿ. ಪಕ್ಕದ ಬಾವಿಯ ವರದಿ ನಿಮಗೆ ಪ್ರಯೋಜನವಿಲ್ಲ. ಮಳೆಗೆ ಮುಂಚೆ ಒಮ್ಮೆ, ಮಳೆಯ ನಂತರ ಒಮ್ಮೆ ಪರೀಕ್ಷೆ ಮಾಡಿಸುವಂತೆ ಗ್ರಾಮ ಸಭೆಯಲ್ಲಿ ಬರೆಸಿ.

ವರದಿ ಕೈಗೆ ಬರುವವರೆಗೆ, ಬಂದ ಮೇಲೆ ಫ್ಲೋರೈಡ್ 1 ಮಿಲಿಗ್ರಾಂ ದಾಟಿದ್ದರೂ ಸರಿ, ಕುಡಿಯಲು ಮತ್ತು ಅಡುಗೆಗೆ ಘಟಕದ ನೀರನ್ನೇ ತನ್ನಿ. ಮಿಕ್ಕಿದ್ದಕ್ಕೆಲ್ಲ ನಲ್ಲಿ ನೀರು ಸಾಕು. ನಲ್ಲಿ ಬಂತೆಂದು ಘಟಕಕ್ಕೆ ಬೀಗ ಹಾಕಲು ಬಿಡಬೇಡಿ. ನಿಲ್ಲಿಸಿಟ್ಟ ಘಟಕದಲ್ಲಿ ಫ್ಲೋರೈಡ್ ಸೋಸುವ ಮೆಂಬ್ರೇನ್ (ತೆಳು ಪೊರೆ) ಒಣಗಿ ಕೆಡುತ್ತದೆ, ಅದನ್ನು ಮತ್ತೆ ಹಾಕಿಸುವ ಖರ್ಚು ಪಂಚಾಯ್ತಿಯ ತಲೆಯ ಮೇಲೇ ಬೀಳುತ್ತದೆ.