ಲಕ್ಷಣ ಏನೂ ಇಲ್ಲ, ಆದರೂ ಟೆಸ್ಟ್ ಮಾಡಿಸಬೇಕಾ?

ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಮೂರು ವಾರದ ಹಿಂದೆ ಕಾಂಡೋಮ್ ಇಲ್ಲದೆ ಸಂಪರ್ಕ ಆಯ್ತು, ಹುಡುಗಿ ಒಳ್ಳೆ ಮನೆಯವಳು, ಮೆಡಿಕಲ್‌ನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗಿದ್ದೇನೆ, ಇನ್ನೂ ಭಯ ಇದೆಯಾ ಅಂತ ಕೇಳಿದ್ದೀರಿ. ನಾನು ಕೋಲಾರದಲ್ಲಿ ಲ್ಯಾಬ್ ಕೆಲಸ ಮಾಡುವವನು.

ಮೊದಲು ಆ ‘ಒಳ್ಳೆ ಮನೆ’ ಮಾತು ಬಿಡಿ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಮನೆತನ ವಿಚಾರಿಸಿಕೊಂಡು ಬರಲ್ಲ. ಅವರ ಕಡೆಯವರೂ ನಿಮ್ಮನ್ನ ಒಳ್ಳೆ ಹುಡುಗ ಅಂತಲೇ ಅಂದುಕೊಂಡಿರುತ್ತಾರೆ, ಅಲ್ವಾ? ಕಾಂಡೋಮ್ ಇತ್ತಾ, ಇಬ್ಬರಲ್ಲಿ ಯಾರಿಗಾದರೂ ಬೇರೆ ಸಂಗಾತಿ ಇದ್ದರಾ, ಟೆಸ್ಟ್ ಆಗಿತ್ತಾ, ನೋಡಬೇಕಾದ್ದು ಇದನ್ನ. ಗುಪ್ತಾಂಗದಲ್ಲಿ ಹುಣ್ಣಿದ್ದರೆ ಎಚ್‌ಐವಿ ಅಂಟುವುದು ಇನ್ನೂ ಸುಲಭ.

ಲಕ್ಷಣ ಇಲ್ಲ ಅಂತ ಸಮಾಧಾನ ಬೇಡ. ಕ್ಲಮೈಡಿಯಾ ಅನ್ನೋ ಬ್ಯಾಕ್ಟೀರಿಯಾ ಸೋಂಕು ಎಷ್ಟೋ ಜನರಲ್ಲಿ ಸದ್ದೇ ಮಾಡಲ್ಲ. ಸಿಫಿಲಿಸ್ ಹುಣ್ಣು ನೋಯಲ್ಲ, ತಾನಾಗೇ ಮಾಯುತ್ತೆ, ರೋಗ ಒಳಗೇ ಉಳಿಯುತ್ತೆ. ನೀವು ನುಂಗಿದ ಮಾತ್ರೆ ಎಚ್‌ಐವಿ, ಹೆಪಟೈಟಿಸ್ ಬಿ ಮೇಲೆ ಏನೂ ಮಾಡಲ್ಲ, ಅವು ವೈರಸ್. ಉಳಿದವನ್ನ ಅರ್ಧಂಬರ್ಧ ಅಡಗಿಸಬಹುದು, ಆಮೇಲೆ ಪತ್ತೆ ಮಾಡೋದು ಕಷ್ಟ. ಯಾವ ಮಾತ್ರೆ, ಎಷ್ಟು ದಿನ ಅಂತ ಡಾಕ್ಟರಿಗೆ ಹೇಳಿ.

ಎಚ್‌ಐವಿ ತಡೆಯುವ ಪಿಇಪಿ ಮಾತ್ರೆ ಸಂಪರ್ಕವಾದ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ತಗೋಬೇಕು. ನಿಮಗೆ ಆ ಸಮಯ ದಾಟಿದೆ. ಈಗ ಒಮ್ಮೆ ರಕ್ತ ಕೊಡಿ, ಸಂಪರ್ಕವಾಗಿ ಮೂರು ತಿಂಗಳಾದ ಮೇಲೆ ಮತ್ತೆ ಕೊಡಿ. ಇಂದಿನ ನೆಗೆಟಿವ್ ರಿಪೋರ್ಟ್ ಪೂರ್ತಿ ಉತ್ತರ ಅಲ್ಲ, ಅಲ್ಲಿಯವರೆಗೆ ಕಾಂಡೋಮ್ ಬಿಡಬೇಡಿ.

ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸರ್ಕಾರದ ಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಟೆಸ್ಟ್ ಉಚಿತ. ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಅಂತ ಬೆಂಗಳೂರಿಗೆ ಬಸ್ ಹತ್ತುವವರಿದ್ದಾರೆ. ಹೋಗಿ, ತಪ್ಪಿಲ್ಲ. ಆದರೆ 2017ರ ಎಚ್‌ಐವಿ ಕಾನೂನಿನ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಎಚ್‌ಐವಿ ಟೆಸ್ಟ್ ಮಾಡುವ ಹಾಗಿಲ್ಲ, ಫಲಿತಾಂಶವನ್ನ ಗುಟ್ಟಾಗಿಡಬೇಕು. ಮೊದಲು ಫೋನಲ್ಲಿ ಮಾತಾಡಬೇಕು ಅನ್ನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಮಾಡಿ, ದುಡ್ಡು ಬೀಳಲ್ಲ.

ಮುಂದಕ್ಕೆ? ಕಾಂಡೋಮ್ ಶುರುವಿನಿಂದಲೇ ಇರಬೇಕು, ಕೊನೆ ಗಳಿಗೆಯಲ್ಲಿ ಹಾಕಿದರೆ ಸಾಲದು. ಎರಡೆರಡು ಬೇಡ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ, ಲೇಟೆಕ್ಸ್ ಹರಿಯುತ್ತೆ. ಹರ್ಪಿಸ್ (ಗುಳ್ಳೆ ಏಳಿಸುವ ವೈರಸ್), ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಚರ್ಮದಿಂದ ಚರ್ಮಕ್ಕೆ ದಾಟುತ್ತವೆ, ಅವಕ್ಕೆ ಕಾಂಡೋಮ್ ಪೂರ್ತಿ ಕಾವಲಲ್ಲ. ಎಚ್‌ಪಿವಿಗೆ, ಹೆಪಟೈಟಿಸ್ ಬಿಗೆ ಲಸಿಕೆ ಇದೆ, ಡಾಕ್ಟರನ್ನ ಕೇಳಿ. ಗರ್ಭನಿರೋಧಕ ಮಾತ್ರೆ, ಕಾಪರ್-ಟಿ ಸೋಂಕು ತಡೆಯಲ್ಲ.

ಏನಾದರೂ ಪಾಸಿಟಿವ್ ಬಂದರೆ ಆ ಹುಡುಗಿಗೂ ಹೇಳಿ, ಅವರೂ ಟೆಸ್ಟ್ ಮಾಡಿಸಲಿ. ಕ್ಲಮೈಡಿಯಾ, ಗೊನೊರಿಯಾದಂಥದ್ದಕ್ಕೆ ನೀವೊಬ್ಬರೇ ಔಷಧ ತಗೊಂಡು ಮತ್ತೆ ಸೇರಿದರೆ ಅದು ತಿರುಗಿ ನಿಮಗೇ ಬರುತ್ತೆ.